ಸಾವಿರ ಡಾಲರ್ ಬೇಡವೆಂದ ಜೂನಿಯಸ್ ಕೆಲಾಗ್



ಈ ಸಲದ ಸಂಚಿಕೆಗೆ ಒಬ್ಬ ಕ್ರೀಡಾಪಟುವಿನ ಜೀವನ ಬರೆದುಕೊಡಬೇಕೆಂದು ನಮ್ಮ ದೈಹಿಕ ಶಿಕ್ಷಣ ಸರ್ ಹೇಳಿದಾಗ ಮೊದಲು ನೆನಪಿಗೆ ಬಂದವರು ಮುರಳಿಕಾಂತ್ ಪೇಟ್ಕರ್. ಅವರು ನಮ್ಮ ಪಕ್ಕದ ಸಾಂಗಲಿ ಜಿಲ್ಲೆಯವರು. 1965ರ ಯುದ್ಧದಲ್ಲಿ ಗುಂಡೇಟು ತಿಂದ ಸೈನಿಕರು. 1972ರಲ್ಲಿ ಜರ್ಮನಿಯ ಹೈಡೆಲ್‌ಬರ್ಗ್‌ನಲ್ಲಿ ನಡೆದ ಪ್ಯಾರಾಲಿಂಪಿಕ್ಸ್‌ನಲ್ಲಿ 50 ಮೀಟರ್ ಈಜಿನಲ್ಲಿ ಚಿನ್ನ ಗೆದ್ದರು. ಅವರ ಮೇಲೆ ಸಿನಿಮಾ ಬಂದಿರುವುದರಿಂದ ಇಂಡಿ, ಸಿಂದಗಿಯ ನನ್ನ ಗೆಳೆಯರಿಗೆಲ್ಲ ಅವರ ಕಥೆ ಗೊತ್ತು. ಹಾಗಾಗಿ ನಾನು ಇನ್ನೊಬ್ಬರನ್ನು ಆರಿಸಿಕೊಂಡೆ. ಅವರು ಅಮೆರಿಕದವರು, ಹೆಸರು ಜೂನಿಯಸ್ ಕೆಲಾಗ್. ನಾವು ಯಾರೂ ಹುಟ್ಟುವ ಮೊದಲೇ ತೀರಿಕೊಂಡವರು. ಗಾಲಿಕುರ್ಚಿ ಬ್ಯಾಸ್ಕೆಟ್‌ಬಾಲ್‌ನಲ್ಲಿ ದೊಡ್ಡ ಹೆಸರು. ಅವರನ್ನೇ ಯಾಕೆ ಆರಿಸಿಕೊಂಡೆ ಎಂಬುದನ್ನು ಕೊನೆಯಲ್ಲಿ ಹೇಳುತ್ತೇನೆ.

ಕೆಲಾಗ್ ಹುಟ್ಟಿದ್ದು 1927ರ ಮಾರ್ಚ್‌ನಲ್ಲಿ, ಅಮೆರಿಕದ ವರ್ಜೀನಿಯಾ ರಾಜ್ಯದ ಪೋರ್ಟ್ಸ್‌ಮತ್ ಎಂಬ ಊರಿನಲ್ಲಿ. ಹನ್ನೊಂದು ಮಕ್ಕಳಲ್ಲಿ ಇವರೇ ದೊಡ್ಡವರು. ದೊಡ್ಡ ಮಗ ಎಂದರೆ ಏನೆಂದು ನಮ್ಮ ಕಡೆ ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ತಮ್ಮ ತಂಗಿಯರ ಕಣ್ಣೆಲ್ಲ ಅವನ ಮೇಲೆಯೇ ಇರುತ್ತದೆ. ಕೆಲಾಗ್ ಕಪ್ಪು ಜನಾಂಗದವರು. ಆ ಕಾಲದ ವರ್ಜೀನಿಯಾದಲ್ಲಿ ಕಪ್ಪು ಮಕ್ಕಳಿಗೆ ಬೇರೆ ಶಾಲೆ, ಬಿಳಿ ಮಕ್ಕಳಿಗೆ ಬೇರೆ ಶಾಲೆ ಇತ್ತು. ಕಾನೂನೇ ಹಾಗಿತ್ತು. ಶಾಲೆ ಮುಗಿಸಿದ ಮೇಲೆ ಕೆಲಾಗ್ ಸೈನ್ಯದಲ್ಲಿ ಸೇವೆ ಮಾಡಿದರು. ಆಮೇಲೆ ನ್ಯೂಯಾರ್ಕ್ ನಗರದ ಮ್ಯಾನ್‌ಹಟನ್ ಕಾಲೇಜಿಗೆ ಸೇರಿದರು.

ಅವರ ಎತ್ತರ 6 ಅಡಿ 8 ಇಂಚು. ಕಾಲೇಜಿನವರು ಅವರಿಗೆ ಬ್ಯಾಸ್ಕೆಟ್‌ಬಾಲ್ ಆಟಕ್ಕಾಗಿ ವಿದ್ಯಾರ್ಥಿವೇತನ ಕೊಟ್ಟಿದ್ದರು. ಆ ಕಾಲೇಜಿನಲ್ಲಿ ಹೀಗೆ ವಿದ್ಯಾರ್ಥಿವೇತನ ಪಡೆದ ಮೊದಲ ಕಪ್ಪು ಆಟಗಾರ ಅವರೇ. ಫೀಸಿನ ಚಿಂತೆ ಇರಲಿಲ್ಲ, ಆದರೆ ಕೈಖರ್ಚಿಗೆ ಹಣ ಬೇಕಲ್ಲ. ಅದಕ್ಕಾಗಿ ಕಾಲೇಜಿನ ಹತ್ತಿರ ಐಸ್‌ಕ್ರೀಮ್‌ನಂಥ ತಂಪು ತಿನಿಸು ಮಾರುವ ಅಂಗಡಿಯಲ್ಲಿ ಕನಿಷ್ಠ ಕೂಲಿಗೆ ದುಡಿಯುತ್ತಿದ್ದರು. ಅಮೆರಿಕದಲ್ಲಿ 1950ರಿಂದ ಕನಿಷ್ಠ ಕೂಲಿ ಗಂಟೆಗೆ 75 ಸೆಂಟ್ ಇತ್ತು. ನೂರು ಸೆಂಟ್ ಸೇರಿದರೆ ಒಂದು ಡಾಲರ್. ಅಂದರೆ ಒಂದು ಗಂಟೆ ದುಡಿದರೆ ಮುಕ್ಕಾಲು ಡಾಲರ್. ಈ ಲೆಕ್ಕವನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

1951ರ ಜನವರಿ. ಕೆಲಾಗ್‌ಗೆ ಆಗ 23 ವರ್ಷ. ಹಿಂದಿನ ವರ್ಷ ಇವರ ಜೊತೆಗೇ ಆಡಿದ್ದ, ತಂಡದ ಮುಂದಾಳುಗಳಲ್ಲಿ ಒಬ್ಬನಾಗಿದ್ದ ಹಳೆಯ ಗೆಳೆಯನೊಬ್ಬ ಬಂದು ಭೇಟಿಯಾದ. ಮುಂದಿನ ಪಂದ್ಯ ಚಿಕಾಗೋದ ಡಿಪಾಲ್ ವಿಶ್ವವಿದ್ಯಾಲಯದ ತಂಡದ ಮೇಲೆ ಇತ್ತು. ಆ ಪಂದ್ಯದಲ್ಲಿ ತಾನು ಹೇಳಿದಂತೆ ಆಡಿದರೆ 1000 ಡಾಲರ್ ಕೊಡುವುದಾಗಿ ಅವನು ಹೇಳಿದ.

ಇದು ಹೇಗೆ ನಡೆಯುತ್ತದೆ ಎಂಬುದನ್ನು ಸ್ವಲ್ಪ ವಿವರಿಸಬೇಕು. ನಮ್ಮಲ್ಲಿ ಬೆಟ್ಟಿಂಗ್ ಎಂದರೆ ಯಾರು ಗೆಲ್ಲುತ್ತಾರೆ ಎಂಬುದರ ಮೇಲೆ ಹಣ ಕಟ್ಟುವುದು ಎಂದುಕೊಳ್ಳುತ್ತೇವೆ. ಅಲ್ಲಿ ಎಷ್ಟು ಅಂಕಗಳ ಅಂತರದಲ್ಲಿ ಗೆಲ್ಲುತ್ತಾರೆ, ಎಷ್ಟು ಅಂತರದಲ್ಲಿ ಸೋಲುತ್ತಾರೆ ಎಂಬುದರ ಮೇಲೂ ಹಣ ಕಟ್ಟುತ್ತಿದ್ದರು. ಹಾಗಾಗಿ ಜೂಜುಕೋರರಿಗೆ ಪಂದ್ಯ ಪೂರ್ತಿ ಸೋಲಬೇಕು ಎಂದೇನೂ ಇರಲಿಲ್ಲ. ಅಂತರ ತಮಗೆ ಬೇಕಾದಷ್ಟು ಬಂದರೆ ಸಾಕು. ಆಟಗಾರ ಒಂದೆರಡು ಸಲ ಚೆಂಡು ಕೈ ಬಿಡಬೇಕು, ಬುಟ್ಟಿಗೆ ಎಸೆಯುವಾಗ ಸ್ವಲ್ಪ ಗುರಿ ತಪ್ಪಬೇಕು, ಅಷ್ಟೇ. ನೋಡಿದವರಿಗೆ ಇವತ್ತು ಇವನ ಆಟ ಚೆನ್ನಾಗಿ ಬರಲಿಲ್ಲ ಅನ್ನಿಸುತ್ತದೆ. ಯಾರಿಗೂ ಅನುಮಾನ ಬರುವುದಿಲ್ಲ. ಕೆಲವೊಮ್ಮೆ ತಂಡ ಗೆದ್ದೂ ಇರುತ್ತದೆ. ಇದೇ ಈ ಮೋಸದ ಅಪಾಯ. ಯಾರಿಗೂ ನಷ್ಟ ಆಗಿಲ್ಲವಲ್ಲ ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಳ್ಳಲು ಅಲ್ಲಿ ಜಾಗ ಇರುತ್ತದೆ.

ಈಗ ಆ ಲೆಕ್ಕಕ್ಕೆ ಬರೋಣ. ನಾನು ಕಾಮರ್ಸ್ ವಿದ್ಯಾರ್ಥಿ, ಲೆಕ್ಕ ಹಾಕದೆ ಇರಲು ಆಗಲಿಲ್ಲ. ಸಾವಿರ ಡಾಲರನ್ನು 75 ಸೆಂಟ್‌ನಿಂದ ಭಾಗಿಸಿದರೆ 1333 ಗಂಟೆಗೂ ಹೆಚ್ಚು. ಓದುವ ಹುಡುಗ ವಾರಕ್ಕೆ 20 ಗಂಟೆ ಅಂಗಡಿಯಲ್ಲಿ ನಿಂತರೆ 66 ವಾರ ಕಳೆದರೂ ಅಷ್ಟು ಹಣ ಪೂರ್ತಿ ಕೈಗೆ ಬರುವುದಿಲ್ಲ. ಒಂದು ವರ್ಷದ ದುಡಿಮೆಗಿಂತ ಹೆಚ್ಚು ಹಣ ಒಂದೇ ಸಂಜೆಗೆ ಸಿಗುತ್ತಿತ್ತು. ಕೇಳಿದವನು ಅಪರಿಚಿತನೂ ಅಲ್ಲ, ಒಂದೇ ಅಂಗಿ ತೊಟ್ಟು ಜೊತೆಗೆ ಆಡಿದವನು. ಮನೆಯಲ್ಲಿ ಹತ್ತು ಜನ ತಮ್ಮ ತಂಗಿಯರು.

ಕೆಲಾಗ್ ಬೇಡ ಎಂದರು.

ಬೇಡ ಎಂದು ಹೇಳಿ ಅವರು ಅಲ್ಲಿಗೇ ಬಿಡಬಹುದಿತ್ತು. ಯಾರೂ ತಪ್ಪು ಹಿಡಿಯುತ್ತಿರಲಿಲ್ಲ. ನಾನು ಹರಾಮ್ ಹಣ ಮುಟ್ಟಲಿಲ್ಲ, ನನ್ನ ಕೈ ಶುದ್ಧ ಎಂದು ಮಲಗಬಹುದಿತ್ತು. ಆದರೆ ಅವರು ಹೋಗಿ ತಮ್ಮ ತರಬೇತುದಾರ ಕೆನ್ ನಾರ್ಟನ್ ಅವರಿಗೆ ನಡೆದದ್ದನ್ನೆಲ್ಲ ಹೇಳಿದರು. ವಿಷಯ ಸರ್ಕಾರಿ ವಕೀಲರಾದ ಫ್ರಾಂಕ್ ಹೋಗನ್ ಅವರ ಕಚೇರಿಗೆ ಮುಟ್ಟಿತು. ಅಧಿಕಾರಿಗಳು ಕೆಲಾಗ್ ಅವರಿಗೆ ಕಷ್ಟದ ಕೆಲಸವೊಂದನ್ನು ಒಪ್ಪಿಸಿದರು. ಮತ್ತೆ ಆ ಗೆಳೆಯನನ್ನು ಭೇಟಿಯಾಗಿ, ಒಪ್ಪಿದಂತೆ ನಟಿಸಬೇಕು, ಬಟ್ಟೆಯೊಳಗೆ ಧ್ವನಿ ಹಿಡಿಯುವ ಯಂತ್ರ ಇಟ್ಟುಕೊಂಡಿರಬೇಕು. ಕೆಲಾಗ್ ಅದಕ್ಕೂ ಒಪ್ಪಿದರು.

ಕಪ್ಪು ಜನಾಂಗದ ಒಬ್ಬ ಹುಡುಗ, ಬಿಳಿಯರೇ ಹೆಚ್ಚಾಗಿರುವ ಕಾಲೇಜಿನಲ್ಲಿ, ತನಗಿಂತ ಮೊದಲೇ ಅಲ್ಲಿ ಹೆಸರು ಮಾಡಿದವರ ವಿರುದ್ಧ ಮಾತಾಡುವುದು ಎಷ್ಟು ಕಷ್ಟ ಎಂದು ಯೋಚಿಸಿ ನೋಡಿ. ಅವರ ಮಾತನ್ನು ಯಾರಾದರೂ ನಂಬದೇ ಹೋಗಿದ್ದರೆ? ತಪ್ಪನ್ನು ಇವರ ಮೇಲೆಯೇ ಹೊರಿಸಿದ್ದರೆ? ವಿದ್ಯಾರ್ಥಿವೇತನ ಹೋಗುತ್ತಿತ್ತು, ಓದು ಹೋಗುತ್ತಿತ್ತು.

ಜನವರಿ 16ರಂದು ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ ಎಂಬ ದೊಡ್ಡ ಕ್ರೀಡಾಂಗಣದಲ್ಲಿ ಪಂದ್ಯ ನಡೆಯಿತು. ಅವತ್ತು ಕೆಲಾಗ್ ಚೆನ್ನಾಗಿ ಆಡಲಿಲ್ಲ. ಮೋಸಕ್ಕಲ್ಲ, ಹೆದರಿಕೆಗೆ. ಕೈ ಕಾಲು ಹಿಡಿತಕ್ಕೆ ಬರಲಿಲ್ಲ. ತರಬೇತುದಾರರು ಅವರನ್ನು ಹೊರಗೆ ಕರೆಸಿ ಬೇರೆ ಆಟಗಾರನನ್ನು ಇಳಿಸಿದರು. ಮ್ಯಾನ್‌ಹಟನ್ ಕಾಲೇಜು 62-59ರಿಂದ ಗೆದ್ದಿತು. ಕೂಡಲೇ ಬಂಧನಗಳು ಆದವು. ತಮ್ಮ ಹೆಸರನ್ನು ದೇಶಕ್ಕೆಲ್ಲ ತಿಳಿಸಿದ ಪಂದ್ಯದಲ್ಲಿ ಕೆಲಾಗ್ ಹೆಚ್ಚಿಗೆ ಅಂಕ ಗಳಿಸಿರಲಿಲ್ಲ. ಇದನ್ನು ಓದಿದಾಗ ನನಗೆ ಅವರ ಮೇಲೆ ಇನ್ನೂ ಗೌರವ ಬಂತು. ಧೈರ್ಯ ಇದ್ದವರಿಗೆ ಹೆದರಿಕೆ ಆಗುವುದಿಲ್ಲ ಎಂದು ನಾನು ತಿಳಿದಿದ್ದೆ.

ಕೆಲಾಗ್ ಹೇಳಿದ ಒಂದು ಮಾತಿನಿಂದ ದೊಡ್ಡ ಹಗರಣವೇ ಹೊರಗೆ ಬಂತು. ತನಿಖೆ ಮುಂದುವರಿದಂತೆ 7 ಕಾಲೇಜುಗಳ 32 ಆಟಗಾರರ ಹೆಸರು ಬಂದವು. 1947ರಿಂದ 1950ರವರೆಗೆ 86 ಪಂದ್ಯಗಳಲ್ಲಿ ಮೋಸ ನಡೆದಿದೆ ಎಂದು ತಿಳಿಯಿತು. 1950ರಲ್ಲಿ ದೇಶದ ಎರಡು ದೊಡ್ಡ ಕಾಲೇಜು ಟೂರ್ನಿಗಳನ್ನೂ ಒಂದೇ ವರ್ಷ ಗೆದ್ದಿದ್ದ ನ್ಯೂಯಾರ್ಕ್‌ನ ಸಿಟಿ ಕಾಲೇಜಿನ ಆಟಗಾರರೂ ಅದರಲ್ಲಿ ಇದ್ದರು. ಜನ ಹೊತ್ತು ಮೆರೆಸಿದ್ದ ಹುಡುಗರು ನ್ಯಾಯಾಲಯದ ಮುಂದೆ ನಿಂತರು. ಅಷ್ಟು ಪಂದ್ಯಗಳಲ್ಲಿ, ಅಷ್ಟು ಜನರ ನಡುವೆ, ಬೇಡ ಎಂದು ಮನಸ್ಸಿನಲ್ಲೇ ಹೇಳಿಕೊಂಡು ಸುಮ್ಮನೆ ಕುಳಿತವರು ಎಷ್ಟೋ ಜನ ಇದ್ದಿರಬೇಕು ಎಂದು ನನಗೆ ಅನ್ನಿಸುತ್ತದೆ.

ಕೆಲಾಗ್ 1953ರಲ್ಲಿ ಪದವಿ ಮುಗಿಸಿದರು. ಹಾರ್ಲೆಮ್ ಗ್ಲೋಬ್‌ಟ್ರಾಟರ್ಸ್ ಎಂಬ ತಂಡ ಸೇರಿದರು. ಇದು ಕಪ್ಪು ಆಟಗಾರರ ಪ್ರಸಿದ್ಧ ತಂಡ. ಊರೂರು, ದೇಶ ದೇಶ ತಿರುಗಿ ಚೆಂಡಿನ ಚಮತ್ಕಾರ ತೋರಿಸಿ ಜನರನ್ನು ನಗಿಸುತ್ತಿದ್ದರು. ಬಡ ಮನೆಯ ಹುಡುಗ ಈಗ ಆಟದಿಂದಲೇ ಹಲಾಲ್ ರೊಟ್ಟಿ ಸಂಪಾದಿಸತೊಡಗಿದ್ದರು.

ಕಥೆ ಇಲ್ಲಿಗೆ ಮುಗಿದಿದ್ದರೆ ಬೆಳಗಿನ ಪ್ರಾರ್ಥನೆಯ ಹೊತ್ತಿಗೆ ಹೇಳುವ ನೀತಿಕಥೆ ಆಗುತ್ತಿತ್ತು. ಒಳ್ಳೆಯ ಕೆಲಸ ಮಾಡಿದರು, ಒಳ್ಳೆಯ ಫಲ ಸಿಕ್ಕಿತು ಎಂದು ಮುಗಿಸಬಹುದಿತ್ತು. ಆದರೆ 1954ರ ಏಪ್ರಿಲ್‌ನಲ್ಲಿ, ತಂಡದ ಜೊತೆ ಊರಿಂದ ಊರಿಗೆ ಹೋಗುವಾಗ, ಅರ್ಕನ್ಸಾ ರಾಜ್ಯದ ಪೈನ್ ಬ್ಲಫ್ ಬಳಿ ಅವರು ಇದ್ದ ಕಾರು ಅಪಘಾತಕ್ಕೀಡಾಯಿತು. ಕೆಲಾಗ್ ಅವರ ಕುತ್ತಿಗೆಯ ಭಾಗದಲ್ಲಿ ಬೆನ್ನುಹುರಿಗೆ ಪೆಟ್ಟಾಯಿತು. ದೇಹ ಸ್ವಾಧೀನ ತಪ್ಪಿತು. ವಯಸ್ಸು 27.

ಅಕೌಂಟೆನ್ಸಿಯಲ್ಲಿ ನಮಗೆ ಮೊದಲು ಕಲಿಸುವುದು ಡೆಬಿಟ್ ಮತ್ತು ಕ್ರೆಡಿಟ್ ಸಮ ಆಗಬೇಕು ಎಂಬುದು. ಇಲ್ಲಿ ಆ ಲೆಕ್ಕ ಕೂಡುವುದಿಲ್ಲ. ಲಂಚ ತಿಂದವರಲ್ಲಿ ಎಷ್ಟೋ ಜನ ತಮ್ಮ ಕಾಲ ಮೇಲೆ ಓಡಾಡಿಕೊಂಡಿದ್ದರು. ಬೇಡ ಎಂದವರು ಹಾಸಿಗೆಯಲ್ಲಿ ಮಲಗಿದ್ದರು. ಪ್ರಾಮಾಣಿಕತೆಯನ್ನು ಬ್ಯಾಂಕಿನಲ್ಲಿ ಇಟ್ಟ ಠೇವಣಿಯಂತೆ ತಿಳಿದು, ಬಡ್ಡಿ ಬರುತ್ತದೆ ಎಂದು ಕಾಯುವವರಿಗೆ ಕೆಲಾಗ್ ಅವರ ಬದುಕು ಉತ್ತರ ಕೊಡುವುದಿಲ್ಲ. ಅಲ್ಲಾಹನ ಲೆಕ್ಕ ಬೇರೆ ಇರುತ್ತದೆ ಎಂದು ಮಾತ್ರ ನಾವು ಹೇಳಬಹುದು.

ಮಾಜಿ ಸೈನಿಕರಾದ್ದರಿಂದ ಅವರಿಗೆ ನ್ಯೂಯಾರ್ಕ್‌ನ ಬ್ರಾಂಕ್ಸ್‌ನಲ್ಲಿರುವ ಸೈನಿಕರ ಆಸ್ಪತ್ರೆಯಲ್ಲಿ ಚಿಕಿತ್ಸೆ ಸಿಕ್ಕಿತು. ಸುಮಾರು ನಾಲ್ಕು ವರ್ಷ ಚಿಕಿತ್ಸೆ, ವ್ಯಾಯಾಮ, ಮತ್ತೆ ಚಿಕಿತ್ಸೆ. ನಿಧಾನವಾಗಿ ತೋಳುಗಳಿಗೆ ಶಕ್ತಿ ಬಂತು. ನಡೆಯುವುದು ಹೋಗಿತ್ತು, ಗಾಲಿಕುರ್ಚಿ ಬಂದಿತ್ತು. ಆ ಗಾಲಿಕುರ್ಚಿಯೇ ಅವರನ್ನು ಮತ್ತೆ ಬ್ಯಾಸ್ಕೆಟ್‌ಬಾಲ್ ಅಂಗಳಕ್ಕೆ ಕರೆದುಕೊಂಡು ಬಂತು.

ಗಾಲಿಕುರ್ಚಿ ಬ್ಯಾಸ್ಕೆಟ್‌ಬಾಲ್ ಹುಟ್ಟಿದ್ದೇ ಇಂಥ ಆಸ್ಪತ್ರೆಗಳಲ್ಲಿ. ಎರಡನೇ ಮಹಾಯುದ್ಧದಲ್ಲಿ ಗಾಯಗೊಂಡು ಬಂದ ಅಮೆರಿಕದ ಸೈನಿಕರು 1946ರ ಸುಮಾರಿಗೆ ಆಸ್ಪತ್ರೆಯ ಅಂಗಳದಲ್ಲಿ ಇದನ್ನು ಆಡತೊಡಗಿದರು. 1949ರಲ್ಲಿ ಇಲಿನಾಯ್ ರಾಜ್ಯದ ಗೇಲ್ಸ್‌ಬರ್ಗ್‌ನಲ್ಲಿ ಮೊದಲ ರಾಷ್ಟ್ರೀಯ ಟೂರ್ನಿ ನಡೆಯಿತು. ಇತ್ತ ಇಂಗ್ಲೆಂಡಿನ ಸ್ಟೋಕ್ ಮ್ಯಾಂಡೆವಿಲ್ ಆಸ್ಪತ್ರೆಯಲ್ಲಿ ಡಾಕ್ಟರ್ ಲುಡ್ವಿಗ್ ಗುಟ್‌ಮನ್ 1948ರ ಜುಲೈ 29ರಂದು ಗಾಲಿಕುರ್ಚಿಯವರಿಗಾಗಿ ಕ್ರೀಡಾಕೂಟ ಆರಂಭಿಸಿದ್ದರು. ಅದೇ ದಿನ ಲಂಡನ್ ಒಲಿಂಪಿಕ್ಸ್ ಉದ್ಘಾಟನೆ ಆಗುವುದಿತ್ತು. ಗುಟ್‌ಮನ್ ಅವರ ಆ ಸಣ್ಣ ಕೂಟದಲ್ಲಿ ಇದ್ದವರು 16 ಜನ ಬಿಲ್ಲುಗಾರರು ಮಾತ್ರ. ಅದೇ ಬೆಳೆದು 1960ರಲ್ಲಿ ರೋಮ್‌ನಲ್ಲಿ ಮೊದಲ ಪ್ಯಾರಾಲಿಂಪಿಕ್ಸ್ ಆಯಿತು.

ಈ ಆಟ ನೋಡದವರು ಇದನ್ನು ಸುಲಭದ ಆಟ ಎಂದುಕೊಳ್ಳಬಾರದು. ಬುಟ್ಟಿಯ ಎತ್ತರ ನಿಂತು ಆಡುವವರಿಗೆ ಇರುವಷ್ಟೇ, 3.05 ಮೀಟರ್. ಕುಳಿತ ಕಡೆಯಿಂದ ಅಷ್ಟು ಮೇಲಕ್ಕೆ ಬರೀ ತೋಳಿನ ಬಲದಿಂದ ಎಸೆಯಬೇಕು. ಅಂಗಳದ ಅಳತೆಯೂ ಅದೇ. ಚಕ್ರವನ್ನು ಎರಡು ಸಲ ತಳ್ಳಿದ ಮೇಲೆ ಚೆಂಡನ್ನು ನೆಲಕ್ಕೆ ಪುಟಿಸಲೇಬೇಕು, ಇಲ್ಲದಿದ್ದರೆ ತಪ್ಪು. ಈಗಿನ ನಿಯಮದಲ್ಲಿ ಪ್ರತಿ ಆಟಗಾರನಿಗೂ ದೇಹದ ಶಕ್ತಿ ನೋಡಿ 1ರಿಂದ 4.5ರವರೆಗೆ ಅಂಕ ಕೊಡುತ್ತಾರೆ. ಹೆಚ್ಚು ತೊಂದರೆ ಇರುವವರಿಗೆ 1, ಕಡಿಮೆ ತೊಂದರೆ ಇರುವವರಿಗೆ 4.5. ಅಂತರರಾಷ್ಟ್ರೀಯ ಪಂದ್ಯದಲ್ಲಿ ಅಂಗಳದಲ್ಲಿರುವ ಐದು ಜನರ ಅಂಕ ಕೂಡಿದರೆ 14 ದಾಟಬಾರದು. ಅಂದರೆ ಬಲಶಾಲಿಗಳನ್ನೇ ಆರಿಸಿ ಇಳಿಸುವ ಹಾಗಿಲ್ಲ. ಕಡಿಮೆ ಶಕ್ತಿಯವರಿಗೂ ತಂಡದಲ್ಲಿ ಜಾಗ ಕೊಡಲೇಬೇಕು. ಈ ನಿಯಮ ನನಗೆ ಬಹಳ ಇಷ್ಟವಾಯಿತು. ನಮ್ಮ ಊರುಗಳಲ್ಲಿ ತಂಡ ಕಟ್ಟುವಾಗ ಮೊದಲು ಬಿಡುವುದೇ ಅಂಥವರನ್ನು.

ಕೆಲಾಗ್ ತರಬೇತುದಾರರಾದರು. ಪ್ಯಾನ್ ಆಮ್ ಜೆಟ್ಸ್ ಎಂಬುದು ಒಂದು ಗಾಲಿಕುರ್ಚಿ ತಂಡ. ಪ್ಯಾನ್ ಅಮೆರಿಕನ್ ಎಂಬ ವಿಮಾನ ಕಂಪನಿ ಅದಕ್ಕೆ ನೆರವು ಕೊಡುತ್ತಿತ್ತು. ಆ ತಂಡದವರು ಸ್ಟೋಕ್ ಮ್ಯಾಂಡೆವಿಲ್ ಕೂಟಕ್ಕೂ ಹೋಗಿ ಆಡಿದ್ದರು. ಕೆಲಾಗ್ ತರಬೇತಿಯಲ್ಲಿ ನಾಲ್ಕು ಅಂತರರಾಷ್ಟ್ರೀಯ ಚಾಂಪಿಯನ್‌ಷಿಪ್‌ಗಳು ಬಂದವು. ಒಂದು ಕಾಲಕ್ಕೆ 6 ಅಡಿ 8 ಇಂಚು ಎತ್ತರಕ್ಕೆ ನಿಂತು ಆಡಿದವರು, ಈಗ ಕುಳಿತು, ಕುಳಿತವರಿಗೆ ಆಟ ಕಲಿಸಿದರು. ನನ್ನ ದುಃಖ ನನಗೆ ಇರಲಿ ಎಂದು ಮನೆಯ ಬಾಗಿಲು ಹಾಕಿಕೊಳ್ಳಬಹುದಿತ್ತು. ಲಂಚದ ವಿಷಯದಲ್ಲಿ ಸುಮ್ಮನಿರದವರು ಇಲ್ಲೂ ಸುಮ್ಮನಿರಲಿಲ್ಲ. ತಮಗೆ ಸಿಕ್ಕಿದ್ದನ್ನು ಹೊರಗೆ ತಂದು ಹಂಚಿದರು.

1966ರಲ್ಲಿ ಮೇಯರ್ ಜಾನ್ ಲಿಂಡ್ಸೆ ಅವರ ಕಾಲದಲ್ಲಿ ಕೆಲಾಗ್ ನ್ಯೂಯಾರ್ಕ್ ನಗರದ ಸಮುದಾಯ ಅಭಿವೃದ್ಧಿ ಸಂಸ್ಥೆಗೆ ಬಂದರು. ಬಡವರ ಬಡಾವಣೆಗಳಿಗೆ ನೆರವು ಮುಟ್ಟಿಸುವ ಕೆಲಸ ಅದು. ಅಲ್ಲಿ ದೊಡ್ಡ ಜವಾಬ್ದಾರಿಯ ಹುದ್ದೆಗಳಲ್ಲಿ ದಶಕಗಳ ಕಾಲ ದುಡಿದರು. ಸರ್ಕಾರದ ಹಣ ಕೈ ಮೇಲೆ ಹಾದು ಹೋಗುವ ಜಾಗದಲ್ಲಿ ಸಾವಿರ ಡಾಲರ್ ಬೇಡ ಎಂದವರು ಕುಳಿತಿದ್ದರು ಎಂಬುದು ಆ ಊರಿನ ಪುಣ್ಯ. 1998ರ ಸೆಪ್ಟೆಂಬರ್ 16ರಂದು, 71ನೇ ವಯಸ್ಸಿನಲ್ಲಿ ಅವರು ತೀರಿಕೊಂಡರು. ಅವರ 71 ವರ್ಷಗಳಲ್ಲಿ 44 ವರ್ಷ ಗಾಲಿಕುರ್ಚಿಯ ಬದುಕೇ ಆಗಿತ್ತು.

ಇನ್ನು ನಾನು ಇವರನ್ನೇ ಯಾಕೆ ಆರಿಸಿಕೊಂಡೆ ಎಂಬುದಕ್ಕೆ ಬರುತ್ತೇನೆ.

ಹೋದ ಬೇಸಿಗೆ ರಜೆಯಲ್ಲಿ ಮುದ್ದೇಬಿಹಾಳ ತಾಲ್ಲೂಕಿನ ಹಳ್ಳಿಯಲ್ಲಿರುವ ನಮ್ಮ ಖಾಲಾ ಮನೆಗೆ ಹೋಗಿದ್ದೆ. ಅಲ್ಲಿ ಟೆನಿಸ್ ಬಾಲ್ ಕ್ರಿಕೆಟ್ ಟೂರ್ನಿ ನಡೆದಿತ್ತು. ಕಾಮರ್ಸ್ ಓದುವ ಹುಡುಗ, ಅಕ್ಷರ ಚೆನ್ನಾಗಿದೆ ಎಂದು ಸ್ಕೋರ್ ಬುಕ್ ನನ್ನ ಕೈಗೆ ಕೊಟ್ಟರು. ಎರಡನೇ ದಿನ ಊಟದ ಬಿಡುವಿನಲ್ಲಿ ವಯಸ್ಸಿನಲ್ಲಿ ದೊಡ್ಡವರೊಬ್ಬರು ಪಕ್ಕದಲ್ಲಿ ಬಂದು ಕುಳಿತರು. ಮಧ್ಯಾಹ್ನದ ಪಂದ್ಯದಲ್ಲಿ ನಾಲ್ಕೈದು ರನ್ ಆ ಕಡೆ ಈ ಕಡೆ ಮಾಡಿದರೆ ಸಾಕು ಎಂದು ಹೇಳಿ ಐದುನೂರರ ನೋಟೊಂದನ್ನು ಪುಸ್ತಕದೊಳಗೆ ಇಟ್ಟರು. ನನ್ನ ಎದೆ ಬಡಿದುಕೊಳ್ಳುತ್ತಿತ್ತು. ನೋಟು ತೆಗೆದು ಅವರ ಕೈಗೆ ಕೊಟ್ಟೆ, ಆಗುವುದಿಲ್ಲ ಎಂದೆ. ಅವರು ನಕ್ಕು ಎದ್ದು ಹೋದರು.

ಅವತ್ತು ರಾತ್ರಿ ನನ್ನ ಬಗ್ಗೆ ನನಗೇ ಹೆಮ್ಮೆ ಅನ್ನಿಸಿತ್ತು. ಆದರೆ ಟೂರ್ನಿ ನಡೆಸುವವರಿಗೆ ನಾನು ಹೇಳಲಿಲ್ಲ. ನನ್ನ ಖಾಲು ಅವರಿಗೂ ಹೇಳಲಿಲ್ಲ. ಪರ ಊರು, ನಮಗ್ಯಾಕೆ ಬೇಕು ಎಂದುಕೊಂಡೆ. ಮರುದಿನ ಬೆಳಿಗ್ಗೆ ಬಸ್ ಹತ್ತಿ ಊರಿಗೆ ಬಂದುಬಿಟ್ಟೆ. ಫೈನಲ್ ಪಂದ್ಯಕ್ಕೆ ಸ್ಕೋರ್ ಬುಕ್ ಹಿಡಿದು ಬೇರೆ ಒಬ್ಬ ಹುಡುಗ ಕುಳಿತನಂತೆ. ಅವನು ನನಗಿಂತ ಚಿಕ್ಕವನು. ಅವನ ಪಕ್ಕದಲ್ಲೂ ಅದೇ ಮನುಷ್ಯ ಬಂದು ಕುಳಿತರೋ ಇಲ್ಲವೋ, ಅವನು ಏನು ಬರೆದನೋ ನನಗೆ ಗೊತ್ತಿಲ್ಲ.

ಕೆಲಾಗ್ ಬಗ್ಗೆ ಓದುವಾಗ ಆ ಹುಡುಗ ನನ್ನ ಕಣ್ಣ ಮುಂದೆ ಬಂದ. ಕೆಲಾಗ್ ಮಾಡಿದ ಕೆಲಸದಲ್ಲಿ ಅರ್ಧವನ್ನು ಮಾತ್ರ ನಾನು ಮಾಡಿದ್ದೆ. ರಿಶ್ವತ್ ಹರಾಮ್ ಎಂದು ಮದರಸಾದಲ್ಲಿ ಕಲಿತಿದ್ದೇನೆ. ಬಸವನ ಬಾಗೇವಾಡಿಯ ಗೆಳೆಯರು ತಮ್ಮ ಊರಲ್ಲಿ ಹುಟ್ಟಿದ ಬಸವಣ್ಣನವರು ಕಾಯಕದ ಬಗ್ಗೆ ಏನು ಹೇಳಿದರು ಎಂಬುದನ್ನು ಮನೆಯಲ್ಲೇ ಕಲಿತಿದ್ದಾರೆ. ಹಾಗಾಗಿ ತೆಗೆದುಕೊಳ್ಳಬಾರದು ಎಂಬುದು ನಮಗೆಲ್ಲ ಗೊತ್ತು. ಆದರೆ ಸ್ಕೋರ್ ಬುಕ್ ನನ್ನ ಕೈಗೆ ಕೊಟ್ಟ ಅಮಾನತ್. ಅದನ್ನು ನಾನು ಕೆಡಿಸದಿದ್ದರೆ ಸಾಲದು, ಕೆಡಿಸಲು ಬಂದವರು ಇದ್ದಾರೆ ಎಂದು ಕೊಟ್ಟವರಿಗೆ ತಿಳಿಸುವುದೂ ನನ್ನ ಕೆಲಸವಾಗಿತ್ತು.

ಈಗ ಬೆಟ್ಟಿಂಗ್ ಎಂದರೆ ದೂರದ ನ್ಯೂಯಾರ್ಕ್‌ನ ವಿಷಯ ಅಲ್ಲ. ಐಪಿಎಲ್ ಬಂದರೆ ನಮ್ಮ ನಮ್ಮ ಓಣಿಗಳಲ್ಲೇ ಮೊಬೈಲ್ ಹಿಡಿದು ಹಣ ಕಟ್ಟುವವರು ಇದ್ದಾರೆ. ನಮ್ಮ ವಯಸ್ಸಿನವರೂ ಇದ್ದಾರೆ. ಗೆದ್ದಾಗ ಎಲ್ಲರಿಗೂ ಹೇಳುತ್ತಾರೆ, ಸೋತಾಗ ಯಾರಿಗೂ ಹೇಳುವುದಿಲ್ಲ. ಪಕ್ಕದ ಬೆಂಚಿನಲ್ಲಿ ಕುಳಿತವನಿಗೆ ಸಾಲ ಆಗಿದೆ ಎಂದು ಗೊತ್ತಿದ್ದೂ, ನಾನು ಆಡುವುದಿಲ್ಲವಲ್ಲ, ನನಗೇನು ಎಂದು ನಾವು ಸುಮ್ಮನಿರುತ್ತೇವೆ. ಅಂಥ ಒಬ್ಬ ಗೆಳೆಯ ನಿಮಗೂ ಇದ್ದರೆ ಅವನ ಅಬ್ಬಾಗೆ, ಅಣ್ಣನಿಗೆ ಅಥವಾ ನಮ್ಮ ಉಪನ್ಯಾಸಕರಲ್ಲಿ ಒಬ್ಬರಿಗೆ ಹೇಳಿ. ಅವನು ಸ್ವಲ್ಪ ದಿನ ನಿಮ್ಮ ಮೇಲೆ ಸಿಟ್ಟಾಗಬಹುದು. ಪರವಾಗಿಲ್ಲ.

ಈ ಬರಹ ಮುಗಿಸುವ ಮೊದಲು ಖಾಲಾ ಮನೆಗೆ ಫೋನ್ ಮಾಡಿದೆ. ಖಾಲು ಅವರಿಗೆ ಹೋದ ಬೇಸಿಗೆಯ ವಿಷಯ ಎಲ್ಲ ಹೇಳಿದೆ. ಅವರು ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ. ಆಮೇಲೆ ಆಗಲೇ ಯಾಕೆ ಹೇಳಲಿಲ್ಲ ಎಂದು ಕೇಳಿದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಈ ಸಲದ ಟೂರ್ನಿಗೆ ಮೊದಲು ನಡೆಸುವವರ ಜೊತೆ ಮಾತಾಡುವುದಾಗಿ ಅವರು ಹೇಳಿದ್ದಾರೆ. ನನಗೂ ಬಂದು ಮತ್ತೆ ಸ್ಕೋರ್ ಬರೆಯಬೇಕೆಂದು ಹೇಳಿದ್ದಾರೆ. ಇನ್ಷಾ ಅಲ್ಲಾಹ್, ಹೋಗುತ್ತೇನೆ.